ಮೆಲುಕು ಹಾಕುವುದೂ ಒಂದು ಕಾಯಿಲೆಯೇ?

ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದನ್ನೇ ಮಗಳು ದಿನವಿಡೀ ಯೋಚಿಸುತ್ತಾಳೆ. ಆಪ್ತಸಮಾಲೋಚಕರು 'ರೂಮಿನೇಟ್ ಮಾಡಬೇಡ' ಅಂದರು. ನಿಘಂಟಿನಲ್ಲಿ 'ಮೆಲುಕು ಹಾಕು, ಆಳವಾಗಿ ಯೋಚಿಸು' ಅಂತಿದೆ. ಆಳವಾಗಿ ಯೋಚಿಸುವುದು ತಪ್ಪೇ?
– ಓದುಗರೊಬ್ಬರು, ಮಂಡ್ಯ

ತಾಯಿ, ನಿಘಂಟು ತೆಗೆದು ನೋಡಿದಿರಲ್ಲ, ಅದಕ್ಕೇ ನನಗೆ ಅರ್ಧ ಹೊಟ್ಟೆ ತುಂಬಿತು. ಈಗ ಯಾರು ನಿಘಂಟು ಬಿಚ್ಚುತ್ತಾರೆ, ಹೇಳಿ!

ಸಮಾಲೋಚಕರ ಮಾತು ಸುಳ್ಳಲ್ಲ. ಮನಃಶಾಸ್ತ್ರದಲ್ಲಿ ಆ ಪದಕ್ಕೆ ಒಂದೇ ಕೊರಗನ್ನು ಹಿಡಿದು ಸುತ್ತುವುದು ಅಂತ ಅರ್ಥ. ಹಾಗೆ ಸುತ್ತಿದರೆ ಖಿನ್ನತೆ ಇನ್ನಷ್ಟು ದಿನ ಎಳೆಯುತ್ತದೆ ಎಂದು ಅಮೆರಿಕದ ಮನಃಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ತೋರಿಸಿದ್ದಾರೆ. ಮಗಳನ್ನು ಸಮಾಲೋಚಕರ ಬಳಿಗೆ ಕರೆದೊಯ್ಯುವುದನ್ನು ನಿಲ್ಲಿಸಬೇಡಿ. ಆದರೂ ಆ ಪದದ ಪರವಾಗಿ ನನ್ನದೊಂದು ವಕಾಲತ್ತು ಇದೆ.

ಲ್ಯಾಟಿನ್‌ನಲ್ಲಿ ರೂಮೆನ್ ಅಂದರೆ ಗಂಟಲು. ಅದರಿಂದ ರೂಮಿನಾರೆ, ಮೆಲುಕು ಹಾಕುವುದು. ರೋಮನ್ನರೇ ಅದನ್ನು ಯೋಚನೆಗೂ ಬಳಸಿದ್ದರು. ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ. ಯುರೋಪಿನ ಕ್ರೈಸ್ತ ಸನ್ಯಾಸಿಗಳು ಬೈಬಲ್ಲಿನ ಒಂದೊಂದು ವಾಕ್ಯವನ್ನು ಬಾಯಲ್ಲೇ ಆಡಿಸುತ್ತಾ ಓದುತ್ತಿದ್ದರಲ್ಲ, ಅದಕ್ಕೂ ಇದೇ ಹೆಸರು.

ಮದ್ದೂರಿನ ಕಡೆ ನಮ್ಮಜ್ಜಿಯ ಕೊಟ್ಟಿಗೆಯಲ್ಲಿ, ಕಬ್ಬಿನ ಸೋಗೆ ತಿಂದು ಮಲಗಿದ ಹಸುವಿನ ಕತ್ತನ್ನೇ ನಾನು ನೋಡುತ್ತಾ ಕೂರುತ್ತಿದ್ದೆ. ಒಂದು ಉಂಡೆ ಸರ್ರನೆ ಮೇಲೇರುತ್ತಿತ್ತು. ದವಡೆ ಅತ್ತಿತ್ತ ಆಡುತ್ತಿತ್ತು. ಸುಮಾರು 50 ಸಲ ಅಗಿದು, ನುಂಗಿ, ಒಂದು ಗಳಿಗೆ ಸುಮ್ನಿದ್ದು, ಆಮೇಲೆ ಇನ್ನೊಂದು ಉಂಡೆ. ನುಂಗುತ್ತಿತ್ತು, ಗಮನಿಸಿ! ನಿಮ್ಮ ಹುಡುಗಿಗೆ ಅಗಿದದ್ದು ಒಳಕ್ಕೆ ಇಳಿಯುತ್ತಿಲ್ಲ, ಅಷ್ಟೇ. ಮೆಲುಕು ನಿಂತರೆ ಮಾತ್ರ ಅಜ್ಜಿಗೆ ಗಾಬರಿ. 'ದನಕ್ಕೆ ಏನೋ ಆಗೈತೆ, ಡಾಕ್ಟ್ರನ್ನ ಕರ್ಕೊಂಬಾ' ಅನ್ನೋರು.

ಹಾಗೆ ನೋಡಿದರೆ ಈಗ ಡಾಕ್ಟರನ್ನು ಎಷ್ಟು ಮನೆಗೆ ಕರೆಸಬೇಕೋ! ವಾಟ್ಸಾಪಿಗೆ ಬಂದದ್ದು ಪೂರ್ತಿ ಓದುವ ಮೊದಲೇ ಹತ್ತು ಜನಕ್ಕೆ ದಾಟಿರುತ್ತದೆ. ನಮ್ಮ ಪತ್ರಿಕೆಗಳಲ್ಲೂ ಮೆಲುಕು ಉಳಿದಿರುವುದು ಸನ್ಮಾನದ ವರದಿಯಲ್ಲಿ ಮಾತ್ರ: 'ಹಳೆಯ ನೆನಪುಗಳನ್ನು ಮೆಲುಕು ಹಾಕಿದರು'. ನೆನಪನ್ನೇ ಯಾಕೆ? ಸದಸ್ಯರು ಬಜೆಟ್ಟನ್ನು ಮೆಲುಕು ಹಾಕಿದರು ಅಂತ ಯಾವ ವರದಿಗಾರನೂ ಬರೆದದ್ದು ನಾನಂತೂ ಕಂಡಿಲ್ಲ. ತಪ್ಪು ವರದಿಗಾರನದ್ದೂ ಅಲ್ಲ ಬಿಡಿ.

ಅಂದಹಾಗೆ, ನಿಮ್ಮ ಪತ್ರ ಮೈಸೂರಿಗೆ ಬಂದು ಹದಿನೈದು ದಿನವಾಯಿತು. ಮೆಲುಕು ಹಾಕುತ್ತಿದ್ದೆ ಅಂತ ಹೇಳಬಹುದಿತ್ತು. ನಿಜವೇನೆಂದರೆ, ಅದು ಪ್ರೂಫ್ ಕಟ್ಟಿನ ಕೆಳಗೆ ಸಿಕ್ಕಿಹಾಕಿಕೊಂಡಿತ್ತು.