ಈಜುಕೊಳ ಕಂಡಿತು, ಗದ್ದೆ ಕಾಣಲಿಲ್ಲ

‘ಹೊರದೇಶಗಳ ದಂಗೆ ಸುದ್ದಿ ಎಷ್ಟು ನೋಡಿದರೂ ಜನ ಯಾಕೆ ಬೀದಿಗಿಳಿದರು ಅನ್ನೋದೇ ಗೊತ್ತಾಗಲ್ಲ, ನಿಮಗೂ ಹಾಗೇನಾ?’ ಅಂತ ಕೇಳಿದ್ದೀರಿ. ಹೌದು, ನನಗೂ ಹಾಗೇ. ಶ್ರೀಲಂಕಾ ವಿಷಯದಲ್ಲಂತೂ ಆ ಸಿಟ್ಟು ಇನ್ನೂ ಇಳಿದಿಲ್ಲ.

2022ರ ಜುಲೈ 9, ಕೊಲಂಬೊದಲ್ಲಿ ಅಧ್ಯಕ್ಷರ ಮನೆಗೆ ಜನ ನುಗ್ಗಿದ ದಿನ. ಹುಡುಗರು ಈಜುಕೊಳಕ್ಕೆ ಹಾರುವ ಅದೇ ದೃಶ್ಯ ನಮ್ಮ ಟಿವಿಯಲ್ಲಿ ರಾತ್ರಿವರೆಗೂ ತಿರುಗಿ ತಿರುಗಿ ಬಂತು. ಭತ್ತ ಬೆಳೆಯುವ ನಮ್ಮಪ್ಪ ಕೇಳಿದ್ದು ಒಂದೇ ಮಾತು: “ಅಲ್ಲಿ ಬೆಳೆ ಏನಾಗಿತ್ತಂತೆ?”

ಕೇಳಬೇಕಾದದ್ದು ಅದನ್ನೇ. 2021ರಲ್ಲಿ ಆ ಅಧ್ಯಕ್ಷ ಗೊಟಬಯ ರಾಜಪಕ್ಸರ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿತು. ಹೇಳಿದ್ದು ಸಾವಯವ ಕೃಷಿ ಅಂತ. ಡಾಲರ್ ಉಳಿಸುವ ಲೆಕ್ಕವೂ ಒಳಗಿತ್ತು. ತೆನೆ ಕಟ್ಟುವ ಮೊದಲು ಯೂರಿಯಾ ಸಿಗದಿದ್ದರೆ ಪೈರು ಹೇಗೆ ಹಳದಿ ತಿರುಗುತ್ತದೆ ಅಂತ ಅಪ್ಪನಿಗೆ ಯಾರೂ ಹೇಳಿಕೊಡಬೇಕಿಲ್ಲ. ನವೆಂಬರಿನಲ್ಲಿ ಆದೇಶ ಹಿಂದಕ್ಕೆ ಪಡೆದರು, ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. 2019ರ ತೆರಿಗೆ ಕಡಿತ, ಈಸ್ಟರ್ ಬಾಂಬ್ ದಾಳಿ ಮತ್ತು ಕೋವಿಡ್‌ಗೆ ಸತ್ತ ಪ್ರವಾಸೋದ್ಯಮ, ಏಪ್ರಿಲ್ 2022ರಲ್ಲಿ ವಿದೇಶಿ ಸಾಲದ ಕಂತು ನಿಲ್ಲಿಸಿದ್ದು, ಇವೆಲ್ಲ ಸೇರಿಸಿದರೂ ಹತ್ತು ನಿಮಿಷದ ಮಾತು. ಆ ಹತ್ತು ನಿಮಿಷ ಯಾರೂ ಕೊಡಲಿಲ್ಲ.

2022ರ ಏಪ್ರಿಲ್ 9ರಿಂದ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಜನ ‘ಗೋಟಾ ಗೋ ಗಮ’ ಅಂತ ಒಂದು ಊರನ್ನೇ ಕಟ್ಟಿದ್ದರು. ‘ಗೋಟಾ ಗೋ’ ಅಂದರೆ ಗೊಟಬಯ ತೊಲಗು ಅಂತ. ಸಿಂಹಳದ ‘ಗಮ’ ನಮ್ಮ ಗ್ರಾಮವೇ. ಡೇರೆ, ಲೈಬ್ರರಿ, ಅಡುಗೆಮನೆ ಎಲ್ಲ ಇತ್ತು. ಮೇ 18ರಂದು ಅಲ್ಲಿ ಮುಳ್ಳಿವಾಯ್ಕಾಲ್ ಗಂಜಿ ಹಂಚಿದರು. 2009ರಲ್ಲಿ ಎಲ್‌ಟಿಟಿಇ ಜೊತೆಗಿನ ಯುದ್ಧದ ಕೊನೆಯ ದಿನಗಳಲ್ಲಿ ಉತ್ತರದ ಮುಳ್ಳಿವಾಯ್ಕಾಲ್‌ನಲ್ಲಿ ಸಿಕ್ಕಿಬಿದ್ದ ತಮಿಳರು ಜೀವ ಹಿಡಿದುಕೊಂಡಿದ್ದು ಆ ಅಕ್ಕಿ ಗಂಜಿಯಲ್ಲೇ. ಆಗ ರಕ್ಷಣಾ ಕಾರ್ಯದರ್ಶಿ ಆಗಿದ್ದವರು ಇದೇ ಗೊಟಬಯ. ಕೊಲಂಬೊದ ನಟ್ಟನಡುವೆ ಸಿಂಹಳೀಯರೂ ನಿಂತು ಆ ಸತ್ತವರನ್ನು ನೆನೆದರು. ನನ್ನ ಮಟ್ಟಿಗೆ ಇಡೀ ಚಳವಳಿಯಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಓದಿ ಗೊತ್ತಾಗಿದ್ದು, ಅದೂ ತಿಂಗಳುಗಟ್ಟಲೆ ತಡವಾಗಿ.

ಜುಲೈ 22ರ ನಸುಕಿನಲ್ಲಿ ಸೈನಿಕರು ಆ ಡೇರೆಗಳ ಮೇಲೆ ಬಿದ್ದು ಇದ್ದವರನ್ನು ಹೊಡೆದು ಓಡಿಸಿದಾಗ ನಾನು ನೋಡುವ ಚಾನೆಲ್ ಬೇರೆ ಸುದ್ದಿಗೆ ಹೊರಟುಹೋಗಿತ್ತು.

ಉತ್ತರದ ಕಿಳಿನೊಚ್ಚಿಯಲ್ಲಿ ತಮಿಳು ತಾಯಂದಿರು ಆ ಯುದ್ಧದ ಕಾಲದಲ್ಲಿ ಕಾಣೆಯಾದ ಮಕ್ಕಳ ಫೋಟೊ ಹಿಡಿದು ರಸ್ತೆ ಬದಿ ಕೂತಿದ್ದು 2017ರ ಫೆಬ್ರವರಿಯಿಂದ. ಅವರನ್ನು ನಮ್ಮ ಟಿವಿಯಲ್ಲಿ ನಾನು ಒಮ್ಮೆಯೂ ನೋಡಿಲ್ಲ.