ಹೊಲಿಗೆ ಹಾಕಿದ ಜಠರಕ್ಕೆ ಮುದ್ದೆ ಇಳಿಯುತ್ತದೆಯೇ?

ಈ ಬಾರಿಯೂ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ: ತೂಕ ಇಳಿಸಲು ಬಾಯಿಯ ಮೂಲಕವೇ ಜಠರಕ್ಕೆ ಹೊಲಿಗೆ ಹಾಕಿಸಿಕೊಳ್ಳುವುದು. ಮೊದಲೇ ಹೇಳಿಬಿಡುತ್ತೇನೆ: ನಾನು ಹಾಸನದಲ್ಲಿ ದಿನವೂ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಜಠರ ನೋಡುವುದು) ಮಾಡುವವನು, ಬೊಜ್ಜಿಗೆಂದು ಜಠರ ಹೊಲಿಯುವವನಲ್ಲ. ಬೆಂಗಳೂರಿನಲ್ಲಿ ಹೊಲಿಸಿಕೊಂಡು ಬಂದವರು ವಾಂತಿ ಶುರುವಾದಾಗ ನನ್ನ ಬಾಗಿಲು ತಟ್ಟುತ್ತಾರೆ. ನನ್ನ ಮಾತಿನಲ್ಲಿ ಅಂಜಿಕೆ ಜಾಸ್ತಿ ಕಂಡರೆ ಅದಕ್ಕೆ ಕಾರಣ ಅದೇ.

ಪ್ರಶ್ನೆ: ನನಗೆ 38 ವರ್ಷ. ಎತ್ತರ 5 ಅಡಿ 2 ಅಂಗುಲ, ತೂಕ 92 ಕಿಲೋ. ಸಕ್ಕರೆ ಕಾಯಿಲೆ ಈಗಷ್ಟೇ ಗೊತ್ತಾಗಿದೆ. ಕೊಯ್ಯದೆ, ಬಾಯಿಯಿಂದ ಪೈಪು ಬಿಟ್ಟು ಹೊಟ್ಟೆ ಚಿಕ್ಕದು ಮಾಡುತ್ತಾರಂತೆ. ಆಪರೇಷನ್ ಅಲ್ಲವಲ್ಲ, ಅತ್ತೆ ಮಾವನಿಗೆ ತಿಳಿಯದಂತೆ ಎರಡು ದಿನದಲ್ಲಿ ಮುಗಿಸಿಕೊಂಡು ಬರಬಹುದೇ? ಆಮೇಲೆ ಮೊದಲಿನಂತೆ ಮುದ್ದೆ ಉಣ್ಣಬಹುದೇ?
– ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ಅರ್ಧ ತಪ್ಪು ನಮ್ಮ ‘ಹೊಟ್ಟೆ’ ಎಂಬ ಪದದ್ದು. ಅನ್ನ ಹೋಗುವ ಚೀಲವೂ ಹೊಟ್ಟೆ, ಸೀರೆಯ ನೆರಿಗೆಯ ಮೇಲೆ ಉಬ್ಬಿ ನಿಲ್ಲುವುದೂ ಹೊಟ್ಟೆ. ಹೊಲಿಯುವುದು ಒಳಗಿನ ಚೀಲವನ್ನು, ಅಂದರೆ ಜಠರವನ್ನು. ಹೊರಗಿನ ಕೊಬ್ಬನ್ನು ಯಾರೂ ಮುಟ್ಟುವುದಿಲ್ಲ.

ಎಂಡೋಸ್ಕೋಪಿನ ತುದಿಗೆ ಹೊಲಿಯುವ ಸಾಧನ ಕಟ್ಟಿ, ಜಠರದ ಹೊರಬದಿಯ ಬಾಗಿದ ಅಂಚಿನ ಉದ್ದಕ್ಕೂ ಒಳಗಿನಿಂದಲೇ ಸಾಲಾಗಿ ಹೊಲಿಗೆ ಹಾಕಿ ದಾರ ಬಿಗಿಯುತ್ತಾರೆ. ಎಲೆ ಅಡಿಕೆ ಸಂಚಿಯ ದಾರ ಎಳೆದರೆ ಬಟ್ಟೆ ನೆರಿಗೆಗಟ್ಟುತ್ತದಲ್ಲ, ಹಾಗೆ. ಅಗಲವಾದ ಚೀಲ ಕಿರಿದಾದ ಕೊಳವೆಯಾಗುತ್ತದೆ. ಊಟ ಸ್ವಲ್ಪಕ್ಕೇ ಸಾಕೆನಿಸುತ್ತದೆ, ಜಠರ ಖಾಲಿಯಾಗುವುದೂ ನಿಧಾನವಾಗುತ್ತದೆ. ಏನನ್ನೂ ಕತ್ತರಿಸಿ ತೆಗೆಯುವುದಿಲ್ಲ, ನಿಜ. ಆದರೆ ಪೂರ್ಣ ಅರಿವಳಿಕೆ ಬೇಕು, ಉಸಿರಿನ ಕೊಳವೆ ಹಾಕಬೇಕು. ರಕ್ತಸ್ರಾವ, ಜಠರದ ಸುತ್ತ ದ್ರವ ಕೂಡಿಕೊಳ್ಳುವುದು, ಅಪರೂಪಕ್ಕೆ ತೂತು, ಇವೆಲ್ಲ ಆಗುವುದುಂಟು. ಚರ್ಮದ ಮೇಲೆ ಗಾಯವಿಲ್ಲದ ಮಾತ್ರಕ್ಕೆ ಒಳಗೆ ಗಾಯವಿಲ್ಲವೆಂದು ಯಾರು ಹೇಳಿದರು?

ಲಾಭದ ಲೆಕ್ಕ ನೋಡಿ. 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ಹೊಲಿಸಿಕೊಂಡವರು ಒಂದು ವರ್ಷದಲ್ಲಿ ಸರಾಸರಿ ಶೇ 13.6ರಷ್ಟು ತೂಕ ಇಳಿಸಿದ್ದರು. ನೂರರಲ್ಲಿ ಸುಮಾರು ಇಬ್ಬರಿಗೆ ಗಂಭೀರ ತೊಂದರೆಯಾಗಿತ್ತು. ನಿಮ್ಮ 92 ಕಿಲೋದಲ್ಲಿ ಅದು ಹನ್ನೆರಡೂವರೆ ಕಿಲೋ. ಕಡಿಮೆಯೇನಲ್ಲ, ಆದರೆ ಮದುವೆಯ ಫೋಟೋದಲ್ಲಿದ್ದ ದೇಹ ವಾಪಸು ಬರುವುದಿಲ್ಲ. ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳನ್ನು ಮಾಡಿ, ಜಠರದ ಬಹುಭಾಗ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ತೂಕದ ಕಾಲು ಭಾಗದಷ್ಟು ಇಳಿಯುತ್ತದೆ. ನಿಮ್ಮ ದೇಹತೂಕ ಸೂಚ್ಯಂಕ (ಬಿಎಂಐ, ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 37, ಜೊತೆಗೆ ಸಕ್ಕರೆ. ನನ್ನ ತಂಗಿ ನಿಮ್ಮ ಜಾಗದಲ್ಲಿದ್ದಿದ್ದರೆ ಮೊದಲು ಶಸ್ತ್ರಚಿಕಿತ್ಸಕರೊಬ್ಬರ ಮಾತು ಕೇಳಿಸಿ, ಆಮೇಲೆ ಹೊಲಿಗೆಯ ಮಾತೆತ್ತುತ್ತಿದ್ದೆ.

ಇನ್ನು ಮುದ್ದೆ. ನಿಮಗೆ ಸಲಹೆ ಕೊಟ್ಟ ನಗರದ ವೈದ್ಯರಿಗೆ ಇದು ಹೊಳೆದಿರಲಾರದು: ನಾವು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಎರಡು ವರ್ಷದ ಹಿಂದೆ ಒಬ್ಬರು ಹೊಲಿಗೆ ಹಾಕಿಸಿಕೊಂಡ ಹತ್ತೊಂಬತ್ತನೇ ದಿನ ಬೀಗರೂಟಕ್ಕೆ ಹೋಗಿದ್ದರು. ‘ಒಂದೇ ಮುದ್ದೆ ಡಾಕ್ಟ್ರೇ, ಅದೂ ಅರ್ಧ’ ಎಂದರು. ಎದೆಗೂಡಿನ ಕೆಳಗೆ ಕೈಯೊತ್ತಿ ಹಿಡಿದು, ಉಗುಳನ್ನೂ ನುಂಗಲಾರದೆ ಬಟ್ಟಲಿಗೆ ಉಗುಳುತ್ತಿದ್ದರು. ಎಂಡೋಸ್ಕೋಪಿನಲ್ಲಿ ನೋಡಿದರೆ, ಕಿರಿದಾದ ಜಾಗದಲ್ಲಿ ಮುರಿದ ಆಕಾರವೂ ಕೆಡದ ರಾಗಿಯ ತುತ್ತುಗಳು ಒಂದರ ಮೇಲೊಂದು ಕೂತಿದ್ದವು. ಪಕ್ಕದಲ್ಲೇ ಊತಕವನ್ನು ಸೀಳಿ ಹೊರಬಂದ ನೀಲಿ ದಾರವೊಂದು ಜೋತಾಡುತ್ತಿತ್ತು. ಅಷ್ಟು ಹಣ ಸುರಿದ ಹೊಲಿಗೆ ಒಂದೇ ಊಟಕ್ಕೆ ಹೋಯಿತು.

ಆದ್ದರಿಂದ ಮೊದಲ ಎರಡು ವಾರ ಬರೀ ದ್ರವ: ತಿಳಿ ಗಂಜಿ, ಮಜ್ಜಿಗೆ, ಬೇಳೆಕಟ್ಟು. ಆಮೇಲೆ ಕೆಲವು ವಾರ ಕಿವುಚಿದ್ದು. ಗಟ್ಟಿ ಊಟಕ್ಕೆ ಎರಡು ತಿಂಗಳಾದರೂ ಅವಸರ ಬೇಡ. ರಾಗಿ ಬೇಕೇ ಬೇಕೆಂದರೆ ಮುಂದೆ ರೊಟ್ಟಿ ಮಾಡಿಕೊಂಡು ಹಲ್ಲಿಗೆ ಕೆಲಸ ಕೊಡಿ. ಮುದ್ದೆ ನುಂಗುವ ಅಭ್ಯಾಸವನ್ನು ಬಿಟ್ಟೇಬಿಡಿ. ಇನ್ನೊಂದು ಮಾತು, ಹೊಲಿಗೆ ಮುದ್ದೆಯನ್ನು ತಡೆದೀತು, ಹೋಳಿಗೆಯ ಮೇಲೆ ಸುರಿದುಕೊಳ್ಳುವ ಹಾಲು ತುಪ್ಪವನ್ನಾಗಲಿ, ದಿನಕ್ಕೆ ಐದು ಲೋಟ ಸಕ್ಕರೆ ಕಾಫಿಯನ್ನಾಗಲಿ ತಡೆಯದು. ಅವು ಜಾರಿಕೊಂಡು ಹೋಗುತ್ತವೆ, ತೂಕ ಮರಳಿ ಬರುವುದೂ ಆ ದಾರಿಯಲ್ಲೇ.

ಅತ್ತೆಗೆ ತಿಳಿಯದಂತೆ ಎನ್ನುತ್ತೀರಿ. ಎರಡು ವಾರ ಗಂಜಿ ಕುಡಿಯುವ ಸೊಸೆಯನ್ನು ಯಾವ ಅತ್ತೆ ಗಮನಿಸುವುದಿಲ್ಲ? ಅಡುಗೆ ಮನೆ ಯಾರ ಕೈಯಲ್ಲಿದೆಯೋ ಅವರಿಗೆ ಮೊದಲು ಹೇಳಿ. ರಾತ್ರಿ ವಾಂತಿ ನಿಲ್ಲದಿದ್ದರೆ ಹೊಲಿದವರ ಬಳಿಗೆ ಕರೆದುಕೊಂಡು ಹೋಗುವವರೂ ಅವರೇ.

ಪ್ರಶ್ನೆ: ನುಂಗುವ ಬಲೂನು ಉತ್ತಮವೇ? – ಕೊಪ್ಪ

ಉತ್ತರ: ಜಠರದೊಳಗೆ ಉಬ್ಬಿ ಜಾಗ ತುಂಬುವ ಈ ಬಲೂನಿನಲ್ಲಿ ನುಂಗುವ ಬಗೆಯದು ನಾಲ್ಕು ತಿಂಗಳು, ಎಂಡೋಸ್ಕೋಪಿನಿಂದ ಇಡುವುದು ಸಾಮಾನ್ಯವಾಗಿ ಆರು ತಿಂಗಳು. ಆಮೇಲೆ ಹಸಿವು ಮೊದಲಿನಂತೆಯೇ. ಒಳಗೆ ನೀಲಿ ಬಣ್ಣ ಬೆರೆಸಿದ ಬಲೂನು ಇಡಿಸಿಕೊಂಡವರ ಮೂತ್ರ ನೀಲಿ ಅಥವಾ ಹಸಿರಾದರೆ ಬಲೂನು ಸೋರಿದೆ ಎಂದರ್ಥ. ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಎತ್ತರ 5 ಅಡಿ 8 ಅಂಗುಲ, ತೂಕ 68 ಕಿಲೋ. ಎರಡು ತಿಂಗಳಲ್ಲಿ ಮದುವೆ, ಹೊಟ್ಟೆ ಕರಗಬೇಕು. – ಬೇಲೂರು

ಉತ್ತರ: ನಿಮಗೆ ಹೊಲಿಗೆ ಹಾಕಬೇಕಾದವರು ದರ್ಜಿ.

ಪ್ರಶ್ನೆ: ಗ್ಯಾಸ್ಟ್ರಿಕ್ ಇದೆ. ಹೊಲಿಸಿದರೆ ಅದೂ ಹೋಗುತ್ತದೆಯೇ? – ಆಲೂರು

ಉತ್ತರ: ಇಲ್ಲ. ‘ಗ್ಯಾಸ್ಟ್ರಿಕ್’ ಎಂಬುದು ಕಾಯಿಲೆಯ ಹೆಸರೂ ಅಲ್ಲ.

ಪ್ರಶ್ನೆ: ಗಿಡಮೂಲಿಕೆ ಪುಡಿಯಿಂದ ಹದಿನೈದು ದಿನದಲ್ಲಿ ಐದು ಕಿಲೋ ಇಳಿದಿದ್ದೇನೆ. ಮುಂದುವರಿಸಲೇ? – ಸಕಲೇಶಪುರ

ಉತ್ತರ: ದಿನಕ್ಕೆ ಎಷ್ಟು ಸಲ ಭೇದಿಯಾಗುತ್ತಿದೆ ಎಂದು ಬರೆದಿಲ್ಲ. ಇಂಥ ಪುಡಿಗಳಲ್ಲಿ ಸೋನಾಮುಖಿ ಇರುವುದು ಹೊಸದಲ್ಲ, ಅದು ಭೇದಿಯ ಔಷಧ. ಹೋದದ್ದು ನೀರು, ಅದರ ಜೊತೆಗೆ ಪೊಟ್ಯಾಸಿಯಂ. ಲೇಬಲ್ಲಿಲ್ಲದ ಪೊಟ್ಟಣ ಮಾರಿದವನಿಗೆ ನಿಮ್ಮ ಮೂತ್ರಪಿಂಡದ ಚಿಂತೆ ಇರುವುದಿಲ್ಲ. ಇವತ್ತೇ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಅದರ ಜೊತೆ ಹೊಲಿಗೆಯೂ ಆಗಬಹುದೇ? – ಚಿಕ್ಕಮಗಳೂರು

ಉತ್ತರ: ಕೆಲವರಿಗೆ ಎರಡೂ ಕೊಡುತ್ತಾರೆ. ಆದರೆ ಆ ಮದ್ದು ಜಠರ ಖಾಲಿಯಾಗುವುದನ್ನು ತಡಮಾಡುತ್ತದೆ, ಉಪವಾಸವಿದ್ದರೂ ಹಿಂದಿನ ದಿನದ ಊಟ ಒಳಗೇ ಉಳಿದಿರಬಹುದು. ಯಾವ ಎಂಡೋಸ್ಕೋಪಿಗೇ ಹೋಗಿ, ಕೊನೆಯ ಇಂಜೆಕ್ಷನ್ ಯಾವ ದಿನ ತೆಗೆದುಕೊಂಡಿರಿ ಎಂಬುದನ್ನು ಅರಿವಳಿಕೆ ವೈದ್ಯರಿಗೆ ಅವರು ಕೇಳುವ ಮೊದಲೇ ಹೇಳಿ.