ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ರುಚಿ, ಯಾವ ಅನಿಮೆಯಿಂದ ಶುರು ಮಾಡೋಣ?

ಶಿರಸಿ ಮನೆಯಲ್ಲಿ ತಮ್ಮನಿಗೆ ವಾಲಿಬಾಲ್ ಹುಚ್ಚು, ಅಕ್ಕನಿಗೆ ಪತ್ತೇದಾರಿ, ನಿಮಗೆ ನಿಧಾನದ ಕತೆ ಇಷ್ಟ ಅಂತ ಬರೆದಿದ್ದೀರಿ. ಮೂವರಿಗೂ ಒಂದೇ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ಹುಡುಕಬೇಡಿ.

ತಮ್ಮನಿಗೆ ‘ಹೈಕ್ಯು’. ನಮ್ಮ ಕಡೆ ರಾತ್ರಿ ಲೈಟ್ ಹಾಕಿ ಆಡುವ ವಾಲಿಬಾಲ್ ನೋಡಿ ಬೆಳೆದವನಿಗೆ ಆಟ ಹೇಳಿಕೊಡಬೇಕಾಗಿಲ್ಲ ಅಲ್ವಾ. ಗಿಡ್ಡ ಹುಡುಗ ಹಿನಾಟಾ ಕಣ್ಣು ಮುಚ್ಚಿಕೊಂಡೇ ಜಿಗಿದು ಕೈ ಬೀಸುತ್ತಾನೆ. ಅವನ ತಂಡದ ಕಾಗೆಯಾಮಾ ಎತ್ತಿಕೊಟ್ಟ ಚೆಂಡು ಸರಿಯಾಗಿ ಆ ಕೈಗೇ ಬರುತ್ತದೆ. ಅದನ್ನು ನೋಡಿದ ಮೇಲೆ ನಿಮ್ಮ ತಮ್ಮ ಕೂತಲ್ಲಿಂದ ಏಳುವುದಿಲ್ಲ.

ಅಕ್ಕನಿಗೆ ‘ಡೆತ್ ನೋಟ್’, 37 ಕಂತು. ಕೊಲೆಗಾರ ಯಾರೆಂದು ಮೊದಲೇ ಗೊತ್ತು, ‘ಎಲ್’ ಎಂಬ ಪತ್ತೇದಾರ ಬಲೆ ಬೀಸುವ ರೀತಿಯೇ ಮಜಾ.

ನಿಮಗೆ ನಾನು ಮನಸಾರೆ ಹೇಳುವುದು 2005ರ ‘ಮುಶಿಶಿ’. ಗಿಂಕೋ ಎಂಬಾತ ಕಾಡು, ಬೆಟ್ಟ, ಹಳ್ಳಿ ಸುತ್ತುತ್ತಾನೆ. ಗಿಡವೂ ಅಲ್ಲದ, ಪ್ರಾಣಿಯೂ ಅಲ್ಲದ ವಿಚಿತ್ರ ಜೀವಗಳ ಕಾಟಕ್ಕೆ ಸಿಕ್ಕವರಿಗೆ ನೆರವಾಗುತ್ತಾನೆ. ಮೊದಲ ಕಂತಿನ ಹುಡುಗ ಎಡಗೈಯಲ್ಲಿ ಬರೆದದ್ದಕ್ಕೆಲ್ಲ ಜೀವ ಬರುತ್ತದೆ. ದೇವರಕಾಡು ನೋಡಿ ಬೆಳೆದ ನಮಗೆ ಈ ಲೋಕ ದೂರದ್ದು ಅನ್ನಿಸುವುದೇ ಇಲ್ಲ. ಹೆಚ್ಚುಕಮ್ಮಿ ಕಂತಿಗೊಂದು ಕತೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ನಾಲ್ಕು ದಿನ ಬಿಟ್ಟರೂ ಎಳೆ ತಪ್ಪುವುದಿಲ್ಲ.

ಕಡಲ್ಗಳ್ಳರ ಕತೆ ‘ಒನ್ ಪೀಸ್’ ಒಳ್ಳೆಯದೇ, ಆದರೆ ಸದ್ಯಕ್ಕೆ ಬೇಡ. 1999ರಿಂದ ಬರುತ್ತಿದೆ, ಸಾವಿರ ಕಂತು ದಾಟಿದೆ.

ಇವೆಲ್ಲಕ್ಕೂ ಮಂಗಾ, ಅಂದರೆ ಜಪಾನಿ ಚಿತ್ರಕತೆ, ಪುಸ್ತಕಗಳಿವೆ. ಬಲದಿಂದ ಎಡಕ್ಕೆ ಓದಬೇಕು. ಮೊದಮೊದಲು ಕಣ್ಣು ತಡವರಿಸುತ್ತದೆ, ಒಂದು ಪುಸ್ತಕ ಮುಗಿಯುವಷ್ಟರಲ್ಲಿ ರೂಢಿಯಾಗುತ್ತದೆ.